ಆಟದ ಅರಸೊತ್ತಿಗೆ, ಕಲ್ಲಿನ ಕರಾರು

ವಿರೂಪಾಪುರಗಡ್ಡೆಯ ಕಡೆಯಿಂದ ಹರಿಗೋಲಿನಲ್ಲಿ ಹೊಳೆ ದಾಟಿ ಹಂಪೆಗೆ ಬರುವ ಯಾತ್ರಿಕರು ಬಹುಮಟ್ಟಿಗೆ ಗೋಪುರದ ತುದಿಯನ್ನು ನೋಡುತ್ತ ನಡೆಯುತ್ತಾರೆ. ಅಲ್ಲಿಯ ಮಂಟಪಗಳ ನೆಲಹಾಸನ್ನು ನೋಡುವವರು ಕಡಿಮೆ. ತಲೆ ತಗ್ಗಿಸಿ ನೋಡಿದರೆ ಬಂಡೆಯ ಮೇಲೆ ಉಳಿಯಿಂದ ಕೊರೆದ ಗೆರೆಗಳೂ ಮನೆಗಳೂ ಗುಳಿಗಳೂ ಕಾಣಿಸುತ್ತವೆ. ಅವು ಆಟದ ಮನೆಗಳು. ನಮ್ಮ ಹುಲಿ–ಕುರಿಯಾಟವನ್ನೇ ತೆಗೆದುಕೊಳ್ಳಿ. ಹುಲಿಗಳು ಮೂರೋ ನಾಲ್ಕೋ. ಕುರಿಗಳು ಅದರ ಹಲವು ಪಟ್ಟು. ಹುಲಿ ಹಾರಿ ಕುರಿಯನ್ನು ತಿನ್ನಬಹುದು. ಕುರಿಗೆ ಯಾರನ್ನೂ ತಿನ್ನುವ ಅಧಿಕಾರವಿಲ್ಲ, ಗುಂಪುಕೂಡಿ ಹುಲಿಯ ದಾರಿಯನ್ನು ಕಟ್ಟುವುದಷ್ಟೇ ಅದಕ್ಕೆ ಸಾಧ್ಯ. ಬಲವುಳ್ಳವನಿಗೆ ಒಂದು ವಿಧಿ, ಸಂಖ್ಯೆಯುಳ್ಳವನಿಗೆ ಇನ್ನೊಂದು ವಿಧಿ. ಇದನ್ನು ರೂಪಿಸಿದವರು ರಾಜ್ಯಶಾಸ್ತ್ರವನ್ನು ಓದಿದವರಲ್ಲ. ಆದರೆ ಆಳುವವರು, ಆಳಿಸಿಕೊಳ್ಳುವವರು ಎಂಬ ವಿಷಯವಾಗಿ ಅವರಿಗೆ ಒಂದು ಖಚಿತವಾದ ಅಭಿಪ್ರಾಯವಿತ್ತು. ಆಟವೆಂದರೆ ನಿಯಮ, ನಿಯಮವೆಂದರೆ ಲೋಕವನ್ನು ಕುರಿತ ಒಂದು ತೀರ್ಮಾನ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ಇಂದಿನ ತರುಣರು ಗಣಕಯಂತ್ರದ ತೆರೆಯ ಮೇಲೆ ಆಡುವ ಆಟಗಳಲ್ಲಿ ಒಂದು ಬಗೆಯನ್ನು ನಾನು ಇಲ್ಲಿ ವಿಚಾರಕ್ಕೆ ಎತ್ತಿಕೊಳ್ಳುತ್ತೇನೆ. ಗುಂಡು ಹಾರಿಸುವ ಆಟಗಳನ್ನು ಕುರಿತು ನನಗೆ ಹೇಳುವುದೇನೂ ಇಲ್ಲ. ನಾನು ಹೇಳುತ್ತಿರುವುದು ಚರಿತ್ರೆಯನ್ನೇ ಹಾಸಿಕೊಂಡು ರಾಜ್ಯ ಕಟ್ಟುವ ಆಟಗಳ ಮಾತು. ಊರನ್ನು ನೆಲೆಗೊಳಿಸುವುದು, ಹೊಲ ಬಿತ್ತುವುದು, ವಿದ್ಯೆಗಳನ್ನು ಸಂಪಾದಿಸುವುದು, ನೆರೆಯ ಅರಸನೊಡನೆ ಸಂಧಿಯನ್ನೋ ಯುದ್ಧವನ್ನೋ ಮಾಡುವುದು, ಇವುಗಳ ನಡುವೆ ‘ನಿನ್ನ ರಾಜ್ಯದಲ್ಲಿ ಯಾವ ಬಗೆಯ ಸರಕಾರವಿರಲಿ? ಯಾವ ಬಗೆಯ ಸಮಾಜವಿರಲಿ?’ ಎಂದು ಆಟವು ಆಟಗಾರನನ್ನು ಕೇಳುತ್ತದೆ. ಸಾಹಿತ್ಯವನ್ನು ಪಾಠ ಹೇಳಿ ನಿವೃತ್ತನಾದ ನನಗೆ ಈ ಪ್ರಶ್ನೆ ಕುತೂಹಲವನ್ನು ಹುಟ್ಟಿಸಿತು. ಮನೆಯ ಹುಡುಗರ ಪಕ್ಕದಲ್ಲಿ ಕೆಲವು ಸಂಜೆ ಕುಳಿತು ನೋಡಿದ್ದೇನೆ; ಆ ಸಿಂಹಾಸನದ ಮೇಲೆ ನಾನೂ ಕುಳಿತದ್ದುಂಟು.

ಈ ಜಾತಿಯ ಆಟಗಳಲ್ಲಿ ಹೆಸರಾದದ್ದು ೧೯೯೧ರಲ್ಲಿ ಅಮೆರಿಕದ ಸಿಡ್ ಮೈಯರ್ ಎಂಬಾತ ಬ್ರೂಸ್ ಶೆಲ್ಲಿಯೊಡನೆ ಕೂಡಿ ಹೊರತಂದ ‘ಸಿವಿಲೈಜೇಷನ್’. ಅದರಲ್ಲಿ ಐದು ಬಗೆಯ ಆಳ್ವಿಕೆಗಳಿವೆ: ನಿರಂಕುಶ ಪ್ರಭುತ್ವ, ಅರಸೊತ್ತಿಗೆ, ಗಣರಾಜ್ಯ, ಕಮ್ಯುನಿಸಂ, ಪ್ರಜಾಪ್ರಭುತ್ವ. ಪ್ರತಿಯೊಂದಕ್ಕೂ ಒಂದು ಲಾಭ, ಒಂದು ದಂಡ. ನಿರಂಕುಶ ಪ್ರಭುತ್ವದಲ್ಲಿ ಮೂರು ಪಾಲು ಬೆಳೆಯುವ ಹೊಲ ಎರಡೇ ಪಾಲು ಕೊಡುತ್ತದೆ. ದರ್ಪದ ಆಳ್ವಿಕೆಯಲ್ಲಿ ಒಳ್ಳೆಯ ನೆಲವೂ ಬಾಡುತ್ತದೆಯೆಂಬುದು ಅದರ ಇಂಗಿತ. ಪ್ರಜಾಪ್ರಭುತ್ವದಲ್ಲಿ ವ್ಯಾಪಾರ ಹೆಚ್ಚುತ್ತದೆ, ಆದರೆ ಹೊರಗೆ ದಂಡು ಕಳುಹಿಸಿದರೆ ಊರಿನಲ್ಲಿ ಜನ ಗೊಣಗುತ್ತಾರೆ. ಶತ್ರು ಸಂಧಿಗೆ ಬಂದರೆ ಸಭೆಯವರು ಆಟಗಾರನನ್ನು ಕೇಳದೆಯೇ ಒಪ್ಪಿಬಿಡುತ್ತಾರೆ. ರಾಜಧಾನಿಯಿಂದ ದೂರ ಹೋದಷ್ಟೂ ಲಂಚ, ಸೋರಿಕೆ ಹೆಚ್ಚುತ್ತದೆ. ಪ್ರಜಾಪ್ರಭುತ್ವದಲ್ಲಿ ಮಾತ್ರ ಅದು ಸೊನ್ನೆ. (ಈ ಕೊನೆಯ ವಿಧಿಯನ್ನು ಕೇಳಿ ನಮ್ಮ ಕಡೆಯವರು ನಕ್ಕರೆ ಅದು ಅವರ ತಪ್ಪಲ್ಲ.) ಒಂದು ಆಳ್ವಿಕೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವೆ ಕೆಲವು ಸರದಿ ಅರಾಜಕತೆಯನ್ನು ದಾಟಬೇಕು, ಆಗ ಬೊಕ್ಕಸಕ್ಕೆ ತೆರಿಗೆ ಬಾರದು, ವಿದ್ಯೆ ಮುಂದುವರಿಯದು. ಪಿರಮಿಡ್ಡುಗಳನ್ನು ಕಟ್ಟಿಸಿದವನಿಗೆ ಮಾತ್ರ ಅರಾಜಕತೆಯ ಕಾಟವಿಲ್ಲ. ಇದಕ್ಕೆ ಕಾರಣವನ್ನು ಆ ಆಟದವರೇ ಹೇಳಬೇಕು.

ಇಷ್ಟರಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸರಕಾರ ಯಾವುದಾದರೂ ಆಗಲಿ, ಆಳುವವನು ಆಟಗಾರನೇ. ಪ್ರಜಾಪ್ರಭುತ್ವ ಬಂತೆಂದು ಅವನು ಚುನಾವಣೆಗೆ ನಿಲ್ಲಬೇಕಿಲ್ಲ, ಸೋಲಬೇಕಿಲ್ಲ. ಕ್ರಾಂತಿಯನ್ನು ಮಾಡುವವನೂ ಅವನೇ, ಕ್ರಾಂತಿಯಾದ ಮೇಲೆ ಗದ್ದುಗೆಯ ಮೇಲೆ ಕುಳಿತಿರುವವನೂ ಅವನೇ. ಆರು ಸಾವಿರ ವರ್ಷ ಸಾಯದೆ ಕುಳಿತಿರುವ ಈ ಅರಸನಿಗೆ ಸಮಾಜವೆಂದರೆ ತೊಡುವ ಅಂಗಿ. ಒಂದನ್ನು ಕಳಚಿ ಇನ್ನೊಂದನ್ನು ತೊಡಬಹುದು. ಅಂಗಿಯ ಬೆಲೆ ಮೊದಲೇ ಗೊತ್ತು.

ಅದೇ ಆಟದ ನಾಲ್ಕನೆಯ ಆವೃತ್ತಿ ೨೦೦೫ರಲ್ಲಿ ಬಂತು. ಅದರಲ್ಲಿ ಈ ಅಂಗಿಯ ಬಟ್ಟೆಯನ್ನು ಇನ್ನಷ್ಟು ನುಣುಪಾಗಿ ನೇಯ್ದಿದ್ದಾರೆ. ಸರಕಾರ, ನ್ಯಾಯ, ದುಡಿಮೆ, ಅರ್ಥವ್ಯವಸ್ಥೆ, ಧರ್ಮ ಎಂಬ ಐದು ಸಾಲುಗಳು. ಸಾಲಿಗೆ ಐದೈದು ಪದ್ಧತಿಗಳು. ಪ್ರತಿ ಸಾಲಿನಿಂದಲೂ ಒಂದನ್ನು ಆರಿಸಿಕೊಳ್ಳಬೇಕು. ಲೆಕ್ಕ ಹಾಕಿದರೆ ೩೧೨೫ ಬಗೆಯ ಸಮಾಜಗಳಾಗುತ್ತವೆ. ದುಡಿಮೆಯ ಸಾಲನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಬುಡಕಟ್ಟಿನ ದುಡಿಮೆ, ಗುಲಾಮಗಿರಿ, ಒಕ್ಕಲು ಜೀತ, ಜಾತಿಪದ್ಧತಿ, ವಿಮೋಚನೆ. ಹೌದು, ಜಾತಿಪದ್ಧತಿ ಅಲ್ಲಿ ಆರಿಸಿಕೊಳ್ಳಬಹುದಾದ ಒಂದು ಸೌಕರ್ಯ. ಕಂಚನ್ನು ಕರಗಿಸಲು ಕಲಿತ ರಾಜ್ಯಕ್ಕೆ ಗುಲಾಮಗಿರಿ ದೊರೆಯುತ್ತದೆ. ಕಾನೂನುಗಳನ್ನು ಬರೆದಿಡಲು ಕಲಿತ ರಾಜ್ಯಕ್ಕೆ ಜಾತಿಪದ್ಧತಿ ದೊರೆಯುತ್ತದೆ. ಬರೆದ ಧರ್ಮಶಾಸ್ತ್ರದ ಹಿಂದೆಯೇ ಜಾತಿ ಬಂತೆಂಬ ಈ ಜೋಡಣೆಯನ್ನು ನಾನು ತಳ್ಳಿಹಾಕಲಾರೆ. ಆದರೆ ಅದರ ಫಲವೇನೆಂದು ಕೇಳಿ: ಜಾತಿಪದ್ಧತಿಯನ್ನು ಆರಿಸಿಕೊಂಡ ಅರಸನು ತನ್ನ ಊರುಗಳಲ್ಲಿ ಎಷ್ಟು ಮಂದಿಯನ್ನು ಬೇಕಾದರೂ ವಿದ್ವಾಂಸರನ್ನಾಗಿ, ವರ್ತಕರನ್ನಾಗಿ, ಕಲಾವಿದರನ್ನಾಗಿ ಮಾಡಬಹುದು! ಬೇರೆ ಪದ್ಧತಿಗಳಲ್ಲಿ ಊರಿನಲ್ಲಿ ಗ್ರಂಥಾಲಯವೋ ಪೇಟೆಯೋ ಇದ್ದಷ್ಟು ಮಾತ್ರ ಅದಕ್ಕೆ ಅವಕಾಶ. ನಿನ್ನೆ ಹೊಲದಲ್ಲಿದ್ದವನನ್ನು ಇಂದು ಅಂಗಡಿಯಲ್ಲಿ ಕೂರಿಸು, ನಾಳೆ ಓಲೆಗರಿಯ ಮುಂದೆ ಕೂರಿಸು; ಇದು ಜಾತಿಪದ್ಧತಿಯ ವರ. ಜಾತಿಯೆಂಬುದು ನಮ್ಮ ನಾಡಿನಲ್ಲಿ ಯಾವುದನ್ನು ತಡೆಯಿತೋ ಅದನ್ನೇ ಆಟವು ಜಾತಿಯ ಹೆಸರಿನಲ್ಲಿ ಸಲೀಸು ಮಾಡಿಕೊಟ್ಟಿದೆ.

ತಯಾರಕರ ತರ್ಕ ತಿಳಿಯದ್ದೇನಲ್ಲ. ಜಾತಿಯೆಂದರೆ ಶ್ರಮದ ವಿಭಜನೆ, ಕಸುಬಿನ ಪರಿಣತಿ ಎಂದು ಅವರು ಎಲ್ಲೋ ಓದಿದ್ದಾರೆ. ಹಾಗೆ ಬರೆದವರು ನಮ್ಮಲ್ಲಿಯೂ ಇಲ್ಲದೆ ಇಲ್ಲ. ಆ ವಿವರಣೆಯಲ್ಲಿ ಬಿಟ್ಟುಹೋದದ್ದು ಹುಟ್ಟು. ಇನ್ನೊಂದು ಲೋಪವೂ ಉಂಟು. ಸಾಲಿಗೆ ಒಂದೇ ಪದ್ಧತಿಯೆಂಬ ನಿಯಮದಿಂದಾಗಿ ಜಾತಿಯಿದ್ದಲ್ಲಿ ಜೀತವಿಲ್ಲ, ಜೀತವಿದ್ದಲ್ಲಿ ಜಾತಿಯಿಲ್ಲ. ನಮ್ಮ ಹಳ್ಳಿಗಳಲ್ಲಿ ಅವೆರಡೂ ಒಂದೇ ಅಂಗಳದಲ್ಲಿ ಒಂದೇ ಮನುಷ್ಯನ ಬೆನ್ನ ಮೇಲೆ ಕುಳಿತಿದ್ದವೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಈ ಆಟದ ಹಾಸಿನ ಮೇಲೆ ಇಟ್ಟು ನೋಡಿದರೆ ತೊಡಕು ಸ್ಪಷ್ಟವಾಗುತ್ತದೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಇವರೆಲ್ಲ ಕಸುಬಿನ ಹೆಸರನ್ನು ಕಳಚದೆಯೇ ಅದಕ್ಕೆ ಅಂಟಿದ್ದ ಮೇಲುಕೀಳನ್ನು ನಿರಾಕರಿಸಿದವರು. ಬಿಜ್ಜಳನ ಆಸ್ಥಾನದಲ್ಲಿ ಯಾವ ಪದ್ಧತಿಯೂ ಬದಲಾಗಿರಲಿಲ್ಲ. ಬದಲಾದದ್ದು ಹರಳಯ್ಯ ಮತ್ತು ಮಧುವರಸರ ಎರಡು ಮನೆಗಳು. ಸಮಗಾರರ ಮಗನಿಗೂ ಬ್ರಾಹ್ಮಣರಾಗಿದ್ದವರ ಮಗಳಿಗೂ ಮದುವೆಯಾಯಿತು. ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಶರಣಪರಂಪರೆ ಹೇಳುತ್ತದೆ. ಸಮಾಜದ ಆಯ್ಕೆಯೊಂದು ಅಲ್ಲಿ ನಡೆದದ್ದು ಅರಸನ ಇಚ್ಛೆಗೆ ವಿರುದ್ಧವಾಗಿ. ಆಟದಲ್ಲಿ ಮದುವೆಯನ್ನು ನಿಶ್ಚಯಿಸುವ ಮನೆಗಳಿಲ್ಲ, ಇರುವುದು ಅರಸನೊಬ್ಬನೇ.

ಆದರೂ ಆಟಕ್ಕೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸಬೇಕು. ‘ವಿಮೋಚನೆ’ಯೆಂಬ ಕೊನೆಯ ಪದ್ಧತಿಯನ್ನು ಒಂದು ರಾಜ್ಯ ಆರಿಸಿಕೊಂಡೊಡನೆ ಅದನ್ನು ಆರಿಸಿಕೊಳ್ಳದ ಬೇರೆ ರಾಜ್ಯಗಳಲ್ಲಿ ಜನ ಅತೃಪ್ತರಾಗುತ್ತಾರೆ, ವಿಮೋಚನೆ ಹೊಂದಿದ ರಾಜ್ಯಗಳು ಹೆಚ್ಚಿದಷ್ಟೂ ಈ ಅತೃಪ್ತಿ ಹೆಚ್ಚುತ್ತದೆ. ಬಿಡುಗಡೆಯ ಸುದ್ದಿಗೆ ಗಡಿಯ ಸುಂಕದ ಕಟ್ಟೆಯಿಲ್ಲ ಎಂಬುದನ್ನು ಅಂಕಿಗಳಲ್ಲಿ ಇಷ್ಟು ಚೊಕ್ಕವಾಗಿ ಹೇಳಿರುವುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಇನ್ನು ಧರ್ಮದ ಸಾಲು. ಅಲ್ಲಿ ಕೊನೆಯದು ‘ಮುಕ್ತ ಧರ್ಮ’: ರಾಜ್ಯಕ್ಕೆ ತನ್ನದೆಂಬ ಮತವಿಲ್ಲ, ಊರಿನಲ್ಲಿ ಎಷ್ಟು ಮತಗಳಿವೆಯೋ ಅಷ್ಟು ಅಂಕ ಸಂತೋಷ, ವಿದ್ಯೆಯೂ ನೂರಕ್ಕೆ ಹತ್ತರಷ್ಟು ಹೆಚ್ಚು. ಓದಲು ಸೊಗಸಾಗಿದೆ. ಇದರ ಪಕ್ಕದಲ್ಲಿ ನಮ್ಮದೇ ಒಂದು ಶಾಸನವನ್ನು ಇಡುತ್ತೇನೆ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ, ಕ್ರಿ. ಶ. ೧೩೬೮ರ, ಒಂದನೆಯ ಬುಕ್ಕರಾಯನ ಕಾಲದ ಶಾಸನ ಅದು. ಭಕ್ತರು, ಅಂದರೆ ಶ್ರೀವೈಷ್ಣವರು, ತಮಗೆ ಅನ್ಯಾಯ ಮಾಡುತ್ತಿದ್ದಾರೆಂದು ಜೈನರು ಅರಸನಲ್ಲಿಗೆ ದೂರು ಒಯ್ದರು. ದೂರು ಕೊಟ್ಟ ಊರುಗಳ ಪಟ್ಟಿಯಲ್ಲಿ ಆನೆಗೊಂದಿಯ ಹೆಸರಿದೆ. ವಿರೂಪಾಪುರಗಡ್ಡೆಗೆ ನೆರೆಯೂರು, ಅದೇ ಆನೆಗೊಂದಿ. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನರಿಗೆ ಪಂಚಮಹಾವಾದ್ಯಗಳೂ ಕಲಶವೂ ಹಿಂದಿನಂತೆ ಸಲ್ಲಬೇಕೆಂದನು.

ಶಾಲೆಯ ಪುಸ್ತಕಗಳು ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ಶಾಸನ ನಿಲ್ಲುವುದಿಲ್ಲ, ನಿಜವಾದ ಕೆಲಸ ಅದರ ಮುಂದಿದೆ. ರಾಜ್ಯದ ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಅದನ್ನು ಎತ್ತುವವನು ತಿರುಮಲೆಯ ತಾತಯ್ಯ, ಅಂದರೆ ಒಬ್ಬ ವೈಷ್ಣವ. ಆ ಹಣದಿಂದ ಬೆಳಗೊಳದ ದೇವರಿಗೆ ೨೦ ಮಂದಿ ಕಾವಲಿನವರನ್ನು ನೇಮಿಸಬೇಕು. ಉಳಿದದ್ದರಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಕಟ್ಟಳೆಯನ್ನು ಮುರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಬುಕ್ಕರಾಯನಲ್ಲಿಗೆ ಹೋಗಿ ಬಿನ್ನವಿಸಿದವನು ಕಲ್ಲೇಹದ ಬುಸುವಿಸೆಟ್ಟಿ. ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕನೆಂಬ ಪಟ್ಟವನ್ನು ಕಟ್ಟಿದರು.

ಮತಸಹಿಷ್ಣುತೆಯೆಂದು ನಾವು ಒಂದೇ ಮಾತಿನಲ್ಲಿ ಹೇಳುವುದನ್ನು ಬಿಡಿಸಿದರೆ ಇಷ್ಟು ಎಳೆಗಳು ಕಾಣುತ್ತವೆ: ದೂರು ಕೊಟ್ಟವರು, ಓಡಾಡಿದ ಒಬ್ಬ ಸೆಟ್ಟಿ, ಹಣ ಎತ್ತುವ ಹೊಣೆಗಾರ, ಇಪ್ಪತ್ತು ಜನ ಕಾವಲಿನವರ ಸಂಬಳ, ಸುಣ್ಣದ ಖರ್ಚು, ತಪ್ಪಿದವನಿಗೆ ಶಾಪ. ಅದರೊಳಗಿನ ಓರೆಯೂ ಕಾಣುತ್ತದೆ. ಅನ್ಯಾಯವನ್ನು ಅನುಭವಿಸಿದವರೇ ತಮ್ಮ ರಕ್ಷಣೆಯ ಹಣವನ್ನು ತೆರಬೇಕಾಯಿತು. ಅದನ್ನು ಎತ್ತುವ ಅಧಿಕಾರ ಎದುರು ಪಕ್ಷದವನಿಗೆ ಹೋಯಿತು. ಆದರೆ ಎದುರು ಪಕ್ಷದವನನ್ನೇ ಹೊಣೆಗಾರನನ್ನಾಗಿ ಮಾಡಿದ ಜಾಣತನವೂ ಅದರಲ್ಲಿದೆ. ಆಟದ ‘ಮುಕ್ತ ಧರ್ಮ’ಕ್ಕೂ ಈ ಕಲ್ಲಿಗೂ ಇರುವ ಅಂತರ ಇದು: ಅಲ್ಲಿ ಮತಕ್ಕೊಂದು ಅಂಕ ಸಂತೋಷ ತಾನಾಗಿಯೇ ಉದುರುತ್ತದೆ, ಇಲ್ಲಿ ಮನೆಗೊಂದು ಹಣವನ್ನು ಯಾರೋ ಬಾಗಿಲು ಬಡಿದು ಎತ್ತಬೇಕು.

ವಿಜಯನಗರವೇ ಸಾಕ್ಷಾತ್ತಾಗಿ ಬರುವ ಆಟವೂ ಇದೆ. ಸ್ವೀಡನ್ ದೇಶದ ಪ್ಯಾರಡಾಕ್ಸ್ ಸಂಸ್ಥೆ ೨೦೧೩ರಲ್ಲಿ ಹೊರತಂದ ‘ಯೂರೋಪಾ ಯೂನಿವರ್ಸಾಲಿಸ್’ನ ನಾಲ್ಕನೆಯ ಆವೃತ್ತಿ ೧೪೪೪ರ ನವೆಂಬರ್ ೧೧ರಂದು ಆರಂಭವಾಗುತ್ತದೆ. ಪಾರಸಿಕ ರಾಯಭಾರಿ ಅಬ್ದುರ್ ರಝಾಕ್ ಹಂಪೆಯ ಬೀದಿಗಳನ್ನು ನೋಡಿ ಬೆರಗಾದದ್ದು ಅದಕ್ಕೆ ಹಿಂದಿನ ವರ್ಷ. ಗದ್ದುಗೆಯ ಮೇಲೆ ಇಮ್ಮಡಿ ದೇವರಾಯ. ಸ್ಟಾಕ್‌ಹೋಮಿನ ತರುಣನೊಬ್ಬ ತನ್ನ ಕೋಣೆಯಲ್ಲಿ ಕುಳಿತು ತುಂಗಭದ್ರೆಯ ದಡದಿಂದ ಬಹಮನಿಗಳ ಮೇಲೆ ದಂಡೆತ್ತಿ ಹೋಗಬಹುದು. ಈ ಆಟ ಹಿಂದಿನದಕ್ಕಿಂತ ಚರಿತ್ರೆಗೆ ಹತ್ತಿರ. ಇಲ್ಲಿ ಅರಸನು ಒಂಟಿಯಲ್ಲ, ನಾಡಿನಲ್ಲಿ ವರ್ಗಗಳಿವೆ. ಪ್ರತಿ ವರ್ಗಕ್ಕೂ ನಿಷ್ಠೆ ಇಷ್ಟು, ಪ್ರಭಾವ ಇಷ್ಟು ಎಂದು ಎರಡು ಅಳತೆಗಳು. ಸವಲತ್ತು ಕೊಟ್ಟರೆ ನಿಷ್ಠೆ ಏರುತ್ತದೆ, ಜೊತೆಗೆ ಪ್ರಭಾವವೂ ಏರುತ್ತದೆ. ಪ್ರಭಾವ ಮಿತಿಮೀರಿದರೆ ಆ ವರ್ಗವೇ ರಾಜ್ಯವನ್ನು ನುಂಗಲು ಹೊರಡುತ್ತದೆ. ನೆಲದಲ್ಲಿ ಅರಸನ ಪಾಲೆಷ್ಟು, ವರ್ಗಗಳ ಪಾಲೆಷ್ಟು ಎಂಬುದಕ್ಕೂ ಶೇಕಡಾ ಲೆಕ್ಕವಿದೆ.

ನಾಯಂಕರ ಪದ್ಧತಿಯನ್ನು ಬಲ್ಲವರು ಇದನ್ನು ಕಂಡು ತಲೆದೂಗುತ್ತಾರೆ. ಸುಮಾರು ೧೫೩೫ರಲ್ಲಿ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಹೇಳುವಂತೆ ನೆಲವೆಲ್ಲ ಅರಸನದು. ನಾಯಕರು ಅದನ್ನು ಅರಸನಿಂದ ಪಡೆದು, ಗೊತ್ತಾದಷ್ಟು ಕಾಲಾಳು, ಕುದುರೆ, ಆನೆಗಳನ್ನು ಸಾಕಬೇಕು. ನೆಲದ ಹುಟ್ಟುವಳಿ ೧೨೦ ಲಕ್ಷವಾದರೆ ೬೦ ಲಕ್ಷ ಅರಸನಿಗೆ, ಉಳಿದದ್ದು ದಂಡಿನ ಖರ್ಚಿಗೆ. ಕಂದಾಯ ಸಲ್ಲಿಸುವ ಕಾಲ ಮಹಾನವಮಿ. ಇಂದಿಗೂ ಹಂಪೆಯಲ್ಲಿ ನಾವು ಬೆರಗಾಗಿ ನೋಡುವ ಮಹಾನವಮಿ ದಿಬ್ಬವು ಹಬ್ಬದ ಜಗಲಿಯಾಗಿದ್ದಂತೆಯೇ ಲೆಕ್ಕ ಒಪ್ಪಿಸುವ ಕಾಲದ ಸಾಕ್ಷಿಯೂ ಆಗಿತ್ತು. ೧೫೬೫ರ ರಕ್ಕಸಗಿ–ತಂಗಡಗಿ ಕಾಳಗದ ತರುವಾಯ ಮಧುರೆ, ತಂಜಾವೂರು, ಜಿಂಜಿ, ಇಕ್ಕೇರಿಗಳ ನಾಯಕರು ಕ್ರಮೇಣ ತಾವೇ ಅರಸರಾದರು. ನಿಷ್ಠೆಯ ಅಳತೆ ಇಳಿದು ಪ್ರಭಾವದ ಅಳತೆ ತುಂಬಿದ ಕಥೆ ಅದು. ಇದನ್ನು ಆಟವು ನಮ್ಮ ಎಷ್ಟೋ ಪಠ್ಯಪುಸ್ತಕಗಳಿಗಿಂತ ಚೆನ್ನಾಗಿ ಕಲಿಸುತ್ತದೆಂದೇ ನನ್ನ ಮತ. ನಾಯಕರ ಕೆಳಗೆ ನೆಲ ಉಳುವವರ ವಿಷಯವಾಗಿ ಅದೇ ನೂನಿಜ್, ಅವರು ಹತ್ತರಲ್ಲಿ ಒಂಬತ್ತು ಪಾಲನ್ನು ಒಡೆಯರಿಗೆ ಅಳೆಯುತ್ತಾರೆಂದು ಬರೆದಿದ್ದಾನೆ. ಈ ಮಾತನ್ನು ಅಕ್ಷರಶಃ ನಂಬುವುದು ಕಷ್ಟ. ಅದರಲ್ಲಿ ಅರ್ಧ ನಿಜವಿದ್ದರೂ ಸಾಕು.

ಆ ಉಳುವವರು ಆಟದಲ್ಲಿ ಎಲ್ಲಿದ್ದಾರೆ? ಅಶಾಂತಿಯೆಂಬ ಅಂಕೆಯಲ್ಲಿದ್ದಾರೆ. ತೆರಿಗೆ, ಯುದ್ಧ, ಮತಭೇದಗಳಿಂದ ಆ ಅಂಕೆ ಏರಿದರೆ ಒಂದು ದಿನ ದಂಗೆಕೋರರ ದಂಡು ಬಯಲಿಗೆ ಬರುತ್ತದೆ. ಹೊಡೆದು ಚದರಿಸಬೇಕು, ಇಲ್ಲವೆ ಅವರ ಬೇಡಿಕೆಗೆ ಒಪ್ಪಬೇಕು. ಇದೇ ದೇವರಾಯನ ಕಾಲದಲ್ಲಿ, ಆಟ ಆರಂಭವಾಗುವ ಹದಿನೈದು ವರ್ಷ ಮೊದಲು, ೧೪೨೯ರಲ್ಲಿ, ಅವನ ರಾಜ್ಯಕ್ಕೆ ಸೇರಿದ್ದ ತಮಿಳು ನಾಡಿನಲ್ಲಿ ನಡೆದದ್ದೇ ಬೇರೆ. ಬಲಗೈ ೯೮ ಮತ್ತು ಎಡಗೈ ೯೮ ಕುಲಗಳು, ಒಂದನ್ನೊಂದು ಕಂಡರಾಗದ ಎರಡು ಪಂಗಡಗಳು, ಒಂದೆಡೆ ಸೇರಿದವು. ಅಧಿಕಾರಿಗಳೂ ಭೂಮಿಯ ಒಡೆಯರೂ ಕೂಡಿ ಅನ್ಯಾಯವಾಗಿ ತೆರಿಗೆ ಎತ್ತುತ್ತಿದ್ದಾರೆಂದು ಹೇಳಿ, ತೆರಬೇಕಾದ ದರಗಳನ್ನು ತಾವೇ ಗೊತ್ತುಮಾಡಿ ದೇವಾಲಯದ ಗೋಡೆಗಳ ಮೇಲೆ ಕೆತ್ತಿಸಿದವು. ಅವರ ಕಟ್ಟುಪಾಡುಗಳಲ್ಲಿ ಒಂದು ನನ್ನ ಮನಸ್ಸಿನಲ್ಲಿ ನಿಂತಿದೆ: ದಬ್ಬಾಳಿಕೆ ಮಾಡುವವರಿಗೆ ನಮ್ಮವರು ಯಾರೂ ಲೆಕ್ಕ ಬರೆದುಕೊಡಕೂಡದು. ಕತ್ತಿಗಿಂತ ಕಂಟ ಹರಿತವಾದ ಆಯುಧವೆಂದು ಅವರು ಬಲ್ಲವರಾಗಿದ್ದರು. ಲೆಕ್ಕವೇ ಇಲ್ಲದಿದ್ದರೆ ಅರಸನು ಯಾವ ಪದ್ಧತಿಯನ್ನು ಆರಿಸಿದರೇನು? ಆಟಕ್ಕೆ ಮಾತ್ರ ಇದು ಸಾಧ್ಯವಿಲ್ಲ, ಏಕೆಂದರೆ ಅಲ್ಲಿ ಲೆಕ್ಕ ಬರೆಯುವುದು ಯಂತ್ರ. ಅದು ಎಂದೂ ಕೈ ಎತ್ತುವುದಿಲ್ಲ.

ಇವೆಲ್ಲ ಹಳೆಯ ಕಾಲದ ಮಾತಾಯಿತೆನ್ನುವವರಿಗಾಗಿ ಗಡ್ಡೆಗೇ ಮರಳುತ್ತೇನೆ. ‘ಸಿವಿಲೈಜೇಷನ್’ನ ಆರನೆಯ ಆವೃತ್ತಿಯಲ್ಲಿ (೨೦೧೬) ಸರಕಾರಗಳ ಒಳಗೆ ನೀತಿಗಳನ್ನು ಇಸ್ಪೀಟಿನ ಎಲೆಗಳಂತೆ ಜೋಡಿಸುತ್ತಾರೆ. ಒಂದು ಎಲೆಯ ಹೆಸರು ‘ಪರಂಪರೆಯ ಪ್ರವಾಸ’. ಅದನ್ನು ಇಟ್ಟರೆ ಕಲಾಕೃತಿಗಳಿಂದಲೂ ಪುರಾತನ ವಸ್ತುಗಳಿಂದಲೂ ಪ್ರವಾಸಿಗರ ಆಕರ್ಷಣೆ ಇಮ್ಮಡಿಸುತ್ತದೆ. ಬೇಡವೆನಿಸಿದರೆ ಒಂದಷ್ಟು ಹೊನ್ನು ತೆತ್ತು ಎಲೆಯನ್ನು ಬದಲಿಸಬಹುದು. ಹಂಪೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು ೧೯೮೬ರಲ್ಲಿ. ವಿರೂಪಾಪುರಗಡ್ಡೆಯನ್ನು ೧೯೬೧ರ ರಾಜ್ಯ ಕಾಯಿದೆಯಡಿ ಸಂರಕ್ಷಿತವೆಂದು ಸಾರಿದ ಅಧಿಸೂಚನೆ ೧೯೮೮ರದು. ಅದೇ ಪರಂಪರೆಯನ್ನು ನೋಡಲು ದೇಶವಿದೇಶಗಳಿಂದ ಬಂದವರಿಗಾಗಿ ಅದೇ ಗಡ್ಡೆಯ ಗದ್ದೆಗಳ ಅಂಚಿನಲ್ಲಿ ವಸತಿಗೃಹಗಳೂ ಊಟದ ಮನೆಗಳೂ ಎದ್ದವು. ಅವು ಅಕ್ರಮವೆಂದು ೨೦೧೫ರಲ್ಲಿ ಉಚ್ಚ ನ್ಯಾಯಾಲಯ ಹೇಳಿತು. ೨೦೨೦ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮಾರ್ಚಿಯಲ್ಲಿ ಯಂತ್ರಗಳು ಬಂದು ಕೆಡವಿದವು.

ತೀರ್ಪು ನ್ಯಾಯವಾದದ್ದೆಂದೇ ನಾನು ತಿಳಿದಿದ್ದೇನೆ. ಕಾಯಿದೆ ಮೊದಲೇ ಇತ್ತು, ಕಟ್ಟಡಗಳು ಆಮೇಲೆ ಬಂದವು. ಆದರೆ ಆಟದಲ್ಲಿ ಪರಂಪರೆಯೂ ಪ್ರವಾಸವೂ ಒಂದೇ ಎಲೆಯ ಮೇಲೆ ಕೈಕೈ ಹಿಡಿದು ನಿಂತಿವೆ. ಗಡ್ಡೆಯಲ್ಲಿ ಅವು ಒಂದರ ಮೇಲೊಂದು ದಾವೆ ಹೂಡಿದವು. ಅಧಿಸೂಚನೆಯಿಂದ ಕೆಡವುವವರೆಗೆ ೩೨ ವರ್ಷ. ಅಷ್ಟರಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಬಂದ ಹೆಂಗಸರು, ಅಡುಗೆ ಕಲಿತ ಹುಡುಗರು, ಬಾಡಿಗೆಯ ಸೈಕಲ್ಲು ಇಟ್ಟವರು, ಹರಿಗೋಲು ಹಾಕುವವರು ಒಂದು ತಲೆಮಾರಿನ ಬದುಕನ್ನು ಅಲ್ಲಿಗೆ ಹೊಂದಿಸಿಕೊಂಡಿದ್ದರು. ಬುಕ್ಕರಾಯನ ಶಾಸನದಲ್ಲಿ ಕಾವಲಿನವರ ಸಂಖ್ಯೆಯನ್ನೂ ಸುಣ್ಣದ ಖರ್ಚನ್ನೂ ಬರೆದವರು, ಹಣ ಎತ್ತುವವನು ಯಾರೆಂಬುದನ್ನೂ ಬರೆದರು. ಗಡ್ಡೆಯ ವಸತಿಗೃಹಗಳಲ್ಲಿ ದುಡಿಯುತ್ತಿದ್ದವರು ಮರುದಿನ ಬೆಳಿಗ್ಗೆ ಯಾವ ಊರಿಗೆ, ಯಾರ ಬಳಿಗೆ ಕೆಲಸ ಕೇಳಿಕೊಂಡು ಹೋಗಬೇಕೆಂಬುದನ್ನು ಅಂಥ ಒಂದು ಕಲ್ಲಿನ ಮೇಲೆ ಬರೆಯಬಹುದಾಗಿತ್ತು. ಬರೆಯುವ ಜಾಗಕ್ಕೇನೂ ಆ ಕಡೆ ಕೊರತೆಯಿಲ್ಲ; ಎತ್ತ ನೋಡಿದರೂ ಬಂಡೆಗಳೇ.